ಎಜೆಲನ ಬೀಗ

"ನನ್ ಬೀಗ ಮುರಿದೋನು ಯಾವನ್ಲಾ?"

ಎಜೆಲ್ ಕೇಳಿದ್ದು ಯಾರನ್ನೂ ಅಲ್ಲ. ಕೊಕ್ಕೆಗಳಿಗೆ ಜೋತುಬಿದ್ದು ಸಾಗಿಬರುತ್ತಿದ್ದ ಕೋಳಿಗಳ ಸಾಲಿನ ಕಡೆಗೆ ಮುಖಮಾಡಿ, ಗಮ್‌ಬೂಟಿನ ಕಾಲು ಅಗಲಿಸಿ ನಿಂತು, ಇಡೀ ಕಾರ್ಖಾನೆಗೆ ಕೇಳಲಿ ಎನ್ನುವ ಹಾಗೆ ಕೇಳಿದ. ಕಾರ್ಖಾನೆಗೆ ಕೇಳಿಸಲಿಲ್ಲ. ವರ್ಡೀನಳಿಗೆ ಕೇಳಿಸಿತು. ಎಜೆಲನನ್ನು ಮಣ್ಣು ಮಾಡಿ ಆಗಲೇ ತಿಂಗಳು ದಾಟಿತ್ತು.

ಅವಳು ತಲೆಯೆತ್ತಲಿಲ್ಲ. ಎಡಗೈಯಲ್ಲಿ ಕೋಳಿಯ ಎದೆ ಒತ್ತಿಹಿಡಿದು, ಚೂರಿಯನ್ನು ಮೂಳೆಯ ಗುಂಟ ಎಳೆದು, ಮಾಂಸವನ್ನು ಆಚೆ ಎಸೆದು, ಮುಂದಿನದಕ್ಕೆ ಕೈಹಾಕಿದಳು. ಆ ಕೈಬೆರಳುಗಳು ಈಗ ಪೂರ್ತಿ ಬಿಚ್ಚುವುದಿಲ್ಲ. ಮನೆಯಲ್ಲಿ ಲೋಟ ಎತ್ತಿದರೂ, ಇಗರ್ಜಿಯಲ್ಲಿ ಪ್ರಾರ್ಥನೆಗೆ ಕೈ ಜೋಡಿಸಿದರೂ, ಚೂರಿ ಹಿಡಿದ ಹಾಗೆಯೇ ಇರುತ್ತವೆ.

"ಚಿಕ್ಕಮ್ಮ, ನಿಂಗ್ ಕೇಳ್ತಾ ಐತೆ. ನಿನ್ ಕಿವಿ ಅಲ್ಲಾಡ್ತು, ನಾನ್ ನೋಡ್ದೆ."

ಸತ್ತವರು ಕರೆದರೆ ಓಗೊಡಬಾರದು ಎಂದು ವರ್ಡೀನಳ ಅಜ್ಜಿ ಹೇಳಿಕೊಟ್ಟಿದ್ದಳು. ಒಂದು ಸಲ ಬಾಯಿಬಿಟ್ಟು ಉತ್ತರ ಕೊಟ್ಟರೆ ಮುಗಿಯಿತು, ಅವರು ಬಿಟ್ಟುಹೋದ ಕೆಲಸ ಉತ್ತರ ಕೊಟ್ಟವರ ಹೆಗಲಿಗೆ. ವರ್ಡೀನ್ ಹುಟ್ಟುವಾಗ ಮುಖದ ಮೇಲೆ ತೆಳ್ಳನೆಯ ಪೊರೆ ಹೊದ್ದು ಬಂದವಳು. ಅದನ್ನು ಒಣಗಿಸಿಟ್ಟು, ಮಗುವಿಗೆ ತಿಳಿವು ಬರುವ ಮೊದಲು ಕಷಾಯ ಮಾಡಿ ಕುಡಿಸಿದ್ದರೆ ಸತ್ತವರನ್ನು ಕಾಣುವ ಕಣ್ಣು ಮುಚ್ಚಿಹೋಗುತ್ತಿತ್ತು. ಆದರೆ ಅವಳು ಹುಟ್ಟಿದ್ದು ಆಸ್ಪತ್ರೆಯಲ್ಲಿ ಕಪ್ಪು ಜನರಿಗೆಂದು ಇಟ್ಟಿದ್ದ ಹಿಂಬದಿಯ ಕೋಣೆಯಲ್ಲಿ. ಬಿಳಿ ನರ್ಸು ಆ ಪೊರೆಯನ್ನು ಗಲೀಜೆಂದು ಬಕೆಟ್ಟಿಗೆ ಹಾಕಿದಳು. ಅಂದಿನಿಂದ ಊರಿನ ಸತ್ತವರೆಲ್ಲ ವರ್ಡೀನಳಿಗೆ ಕಾಣುತ್ತಾರೆ. ಅವಳು ದಾರಿ ಬಿಟ್ಟು ನಡೆಯುತ್ತಾಳೆ, ಮನಸ್ಸಿನಲ್ಲೇ ಒಂದು ಕೀರ್ತನೆ ಹಿಡಿದುಕೊಂಡು. ಬದುಕಿದವರ ಪಾಡೇ ಸಾಕಷ್ಟಿದೆ.

ಎಜೆಲ್ ಹಾಗೆ ಬಿಡುವವನಲ್ಲ. ಬದುಕಿದ್ದಾಗಲೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗ; ತಾಯಿ ಸತ್ತ ಮೇಲೆ ವರ್ಡೀನಳ ಅಡುಗೆಮನೆಯಲ್ಲೇ ಉಂಡು, ಅವಳ ಮಗ ಲಮಾರನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದು, ಅವನ ಜೊತೆಗೇ ಈ ಕಾರ್ಖಾನೆಗೆ ಸೇರಿದವನು.

"ಉತ್ರ ಕೊಡೇ ಚಿಕ್ಕಮ್ಮ. ಗೋರಿ ಮ್ಯಾಲೆ ಕುಂತ್ಕಂಡು ನೋಡ್ತೀನಿ, ನನ್ ಬೀಗ ಎರಡ್ ಚೂರಾಗೈತೆ. ಯಾರ್ ಮುರಿದೋರು? ಯಾಕ್ ಮುರಿದೋರು? ದಿನಾ ಕೇಳ್ತೀನಿ, ಒಬ್ ಬೋಳಿಮಗನಾದ್ರೂ..."

"ನಿನ್ ಹೆಂಡ್ತಿ ಕಣ್ಲಾ ಮುರಿದಿದ್ದು!" ವರ್ಡೀನಳ ಬಾಯಿ ತಾನಾಗಿ ತೆರೆದುಕೊಂಡಿತು. "ಗೋರಿ ಮ್ಯಾಲೆ ಮಡಗೋದ್ನ ಮುರೀದೆ ಮಡಗ್ತಾರೇನ್ಲಾ? ಶಾಸ್ತ್ರ ಗೊತ್ತಿಲ್ವಾ ಮುಂಡೇದೆ?"

ಸಾಲಿನ ಆ ತುದಿಯವರೆಗೆ ಚೂರಿಗಳು ನಿಂತವು. ಸತ್ತವನು ಕೊನೆಗೆ ಮುಟ್ಟಿದ ವಸ್ತುವನ್ನು ಮುರಿದು ಗೋರಿಯ ಮೇಲಿಡುವುದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಮುರಿಯದಿದ್ದರೆ ಸಾವಿನ ಸರಪಳಿ ಕಡಿಯುವುದಿಲ್ಲ, ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆ. ಅವರು ನಿಂತದ್ದು ಶಾಸ್ತ್ರಕ್ಕಲ್ಲ. ವರ್ಡೀನ್ ಸತ್ತವನಿಗೆ ಉತ್ತರ ಕೊಟ್ಟಿದ್ದಳು.

"ಉಕ್ಕಿನ್ ಬೀಗ ಕಣವ್ವ ಅದು," ಎಂದ ಎಜೆಲ್, ಮೆಲ್ಲಗೆ. "ನನ್ ಟ್ವೈಲಾ ಕೈಲಿ ಮುರಿಯಕ್ಕಾಯ್ತದಾ?"

ಮೇಲ್ವಿಚಾರಕ ಬ್ಲೇಲಾಕ್ ಬಂದ. ಅವನ ಬಿಳಿ ಹೆಲ್ಮೆಟ್ಟು ದೂರದಿಂದಲೇ ಕಾಣುತ್ತದೆ.

"ಏನು, ಭಜನೆ ಶುರುವಾಯ್ತಾ? ಕೋಳಿ ನಿಮ್ಮಪ್ಪ ಕುಯ್ತಾನಾ?"

ಚೂರಿಗಳು ಮತ್ತೆ ಚಲಿಸಿದವು. ವರ್ಡೀನ್ ಚೂರಿ ಹಿಡಿದೇ ಅವನ ಕಡೆ ತಿರುಗಿದಳು. "ಸಾರ್, ಒಂದ್ ಗಳಿಗೆ ಪಾಯಿಖಾನೆಗೆ ಹೋಗ್ಬೇಕು."

"ಸತ್ತವರ ಜೊತೆ ಹರಟೆ ಹೊಡೆಯಕ್ಕೆ ಪುರುಸೊತ್ತು ಇತ್ತಲ್ಲ? ಆಗ ಹೋಗ್ಬೇಕಿತ್ತು."

"ಸಾರ್, ತಡೆಯಕ್ಕಾಗಲ್ಲ."

"ತಡೀಬೇಡ ಹಾಗಾದ್ರೆ. ನೆಲ ಹೇಗೂ ಒದ್ದೆನೇ." ಅವನು ಸುತ್ತ ನೋಡಿದ, ಯಾರಾದರೂ ನಗಲಿ ಎಂದು. ಯಾರೂ ನಗಲಿಲ್ಲ, ಯಾರೂ ತಲೆಯನ್ನೂ ಎತ್ತಲಿಲ್ಲ. "ಮುಂದಿನ ಸಲ ಬಟ್ಟೆ ಕಟ್ಕೊಂಡು ಬಾ, ಮುದುಕಿ."

ಬೆಚ್ಚಗೆ ಬೂಟಿನೊಳಗೆ ಇಳಿಯಿತು. ವರ್ಡೀನ್ ಕೋಳಿ ಕುಯ್ದಳು. ಎಜೆಲ್ ಅತ್ತ ಮುಖ ತಿರುಗಿಸಿಕೊಂಡು ನಿಂತಿದ್ದ. ಸತ್ತ ಮೇಲೂ ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದ ಹುಡುಗ.

*

ಕುಯ್ದ ಕೋಳಿಗಳನ್ನು ತಣ್ಣಗಾಗಿಸುವ ದೊಡ್ಡ ತೊಟ್ಟಿಯೊಳಗೆ ತಿರುಪಿನಂಥ ಉಕ್ಕಿನ ರೆಕ್ಕೆ ಸುತ್ತುತ್ತದೆ. ಕೋಳಿ ಸಿಕ್ಕಿಕೊಂಡಾಗ ಒಬ್ಬ ಮನುಷ್ಯ ಇಳಿದು ಬಿಡಿಸಬೇಕು. ಇಳಿಯುವ ಮುನ್ನ ಅವನು ವಿದ್ಯುತ್ತಿನ ಸ್ವಿಚ್ಚನ್ನು ಆರಿಸಿ, ಅದಕ್ಕೆ ತನ್ನದೇ ಕೆಂಪು ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಅವನು ಮೇಲೆ ಬಂದು ಬೀಗ ತೆಗೆಯುವ ತನಕ ಯಾರೂ ಯಂತ್ರ ಚಾಲೂ ಮಾಡುವಂತಿಲ್ಲ.

ಎಜೆಲ್ ಬೀಗ ಹಾಕದೆ ಇಳಿದು ರೆಕ್ಕೆಗೆ ಸಿಕ್ಕಿ ಸತ್ತ, ಬೀಗ ಅವನ ಬೀರುವಿನಲ್ಲೇ ಇತ್ತು, ಎಂದು ಕಂಪನಿ ಹೇಳಿತ್ತು. ಪಾದ್ರಿ ಗ್ಯಾಡ್ಸನ್ ಸಾವಿನ ಪ್ರಾರ್ಥನೆಯಲ್ಲಿ ಅದನ್ನೇ ಮೃದುವಾಗಿ ಹೇಳಿದ್ದರು: ಒಂದು ಗಳಿಗೆಯ ಮರೆವು, ದೇವರ ಇಚ್ಛೆ. ಶವಪೆಟ್ಟಿಗೆಯ ಮುಚ್ಚಳ ತೆರೆದಿರಲಿಲ್ಲ. ತೆರೆಯುವ ಹಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ವರ್ಡೀನ್ ಮೌಂಟ್ ನೆಬೋ ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಹೋದಳು. ಎಜೆಲನ ಹೆಂಡತಿ ಟ್ವೈಲಾ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದು ಕೈಯಲ್ಲೇ ಗೋರಿಯ ಸುತ್ತ ಗುಡಿಸುತ್ತಿದ್ದಳು. ಮಣ್ಣಿನ ಮೇಲೆ ಹಿಡಿ ಮುರಿದ ಕಾಫಿ ಲೋಟ, ಎರಡು ತುಂಡಾದ ಬಾಚಣಿಗೆ, ಅದರ ಪಕ್ಕ ಆ ಬೀಗ.

"ಬನ್ನಿ ಅತ್ತೆ. ಸಾಲ್ನಾಗೆ ಅವ್ನ ಜೊತೆ ಮಾತಾಡುದ್ರಂತೆ? ಊರೆಲ್ಲ ಅದೇ ಮಾತು." ಟ್ವೈಲಾಳ ದನಿಯಲ್ಲಿ ಕೋಪವಿರಲಿಲ್ಲ, ಹೊಟ್ಟೆಕಿಚ್ಚು ಇತ್ತು. "ನಮ್ ಮನೆಗ್ ಮಾತ್ರ ಒಂದ್ ಸಲಾನೂ ಬರ್ಲಿಲ್ಲ ನೋಡಿ."

ಬರಲಾರ. ಮಣ್ಣು ಮಾಡುವ ದಿನ ಮಗುವನ್ನು ಪೆಟ್ಟಿಗೆಯ ಮೇಲೆ ಈ ಕಡೆಯಿಂದ ಆ ಕಡೆಗೆ ದಾಟಿಸಿದ್ದರು, ಅಪ್ಪನ ಆತ್ಮ ಮಗುವನ್ನು ಹುಡುಕಿಕೊಂಡು ಬರಬಾರದೆಂದು. ಈ ಕಡೆಯಿಂದ ಎತ್ತಿಕೊಟ್ಟವಳು ವರ್ಡೀನೇ. ಈಗ ಎಜೆಲ್ ಬೇಲಿಯ ಆಚೆ ನಿಂತು ಮಗಳನ್ನು ನೋಡುತ್ತಿದ್ದ. ಒಂದು ಹೆಜ್ಜೆ ಎತ್ತಿದರೆ ಕಾಲು ಮತ್ತೆ ಅಲ್ಲೇ ಊರುತ್ತಿತ್ತು.

"ಹಲ್ಲು ಬಂದದಾ ಚಿಕ್ಕಮ್ಮ?" ಎಂದ. "ಬಗ್ಗಿ ನೋಡಿ ಹೇಳು."

ವರ್ಡೀನ್ ಬಗ್ಗಿದ್ದು ಬೀಗದ ಕಡೆಗೆ.

"ಇದ್ನ ಯಾತರಾಗೆ ಮುರಿದೆ ತಾಯಿ?"

"ನಾನೆಲ್ಲಿ ಮುರ್ದೆ? ಲೋಟ ನಾನೇ ಒಡ್ದೆ, ಬಾಚಣಿಗೆ ನಾನೇ ಮುರ್ದೆ. ಬೀಗ ಹಂಗೇ ಬಂತು, ಅವ್ನ ಬಟ್ಟೆ ಚೀಲದಾಗೆ. ಕಾರ್ಖಾನೇಲಿ ನಮ್ಮೋರೇ ಯಾರೋ ಶಾಸ್ತ್ರ ತಿಳ್ದೋರು ಮುರಿದು ಕಳಿಸವ್ರೆ ಅಂದ್ಕಂಡೆ. ನೀವೇ ಅಂದ್ಕಂಡಿದ್ದೆ ಅತ್ತೆ."

ತಿಂಗಳಿಂದ ಊರೆಲ್ಲ ಈ ಗೋರಿಯ ಮುಂದೆ ಹಾದುಹೋಗಿತ್ತು. ಮುರಿದ ಬೀಗ ನೋಡಿ ತಲೆಯಾಡಿಸಿತ್ತು: ಹುಡುಗಿ ಚಿಕ್ಕವಳಾದರೂ ಶಾಸ್ತ್ರ ಬಲ್ಲವಳು.

ವರ್ಡೀನ್ ಅದನ್ನು ಬಿಸಿಲಿಗೆ ಹಿಡಿದಳು. ಮುರಿದ ಕಬ್ಬಿಣ ಒರಟಾಗಿರುತ್ತದೆ. ಇದರ ಕೊಂಡಿ ಮಾತ್ರ ನುಣ್ಣಗೆ, ಚೂರಿಯಿಂದ ಕೊಯ್ದ ಸಾಬೂನಿನ ಹಾಗೆ, ಒಂದೇ ಏಟಿಗೆ ಕತ್ತರಿಸಿಹೋಗಿತ್ತು. ಉಳಿದ ತುಂಡು ಬೀಗದ ಹೊಟ್ಟೆಯಲ್ಲಿ ಬಿಗಿಯಾಗಿ ಕೂತಿತ್ತು. ಎಳೆದು ನೋಡಿದಳು, ಬರಲಿಲ್ಲ. ಬೀಗ ಇನ್ನೂ ಹಾಕಿಯೇ ಇತ್ತು.

"ಜಡಿದಿದ್ದ," ಎಂದಳು ಟ್ವೈಲಾ. ಪೊರಕೆ ಕೈಯಿಂದ ಬಿತ್ತು. "ಅತ್ತೆ, ಅವ್ನು ಜಡಿದಿದ್ದ! ಯಾವನೋ ಕತ್ತರಿಸವ್ನೆ! ಅವ್ನು ಒಳಗಿರೋವಾಗ..." ಮಗು ಹೆದರಿ ಅಳತೊಡಗಿತು.

"ನಾನ್ ಹೇಳಿರ್ಲಿಲ್ವಾ?" ಬೇಲಿಯಾಚೆಯಿಂದ ಎಜೆಲ್ ಕೂಗಿದ. "ಕೀಲಿ ನನ್ ಜೇಬಲ್ಲೇ ಐತೆ, ನೋಡು!"

"ಚೀಲ ತಂದುಕೊಟ್ಟೋರು ಯಾರವ್ವ?"

"ನಿಮ್ ಲಮಾರ್." ಟ್ವೈಲಾ ಮಗುವನ್ನು ತಟ್ಟುತ್ತ ಅಂದಳು. "ಬಾಗಿಲಲ್ಲೇ ಕೊಟ್ಟು ಓಡೋದ. ಅಳ್ತಿದ್ದ ಪಾಪ. ಅಣ್ತಮ್ಮನಂಗೆ ಇದ್ರಲ್ಲ ಅತ್ತೆ ಇಬ್ರೂ."

ವರ್ಡೀನ್ ಬೇಲಿಯ ಕಡೆ ನೋಡಿದಳು. ಎಜೆಲನ ಮುಖ ನಿಧಾನವಾಗಿ ಕಳೆಗುಂದಿತು. ಎತ್ತಿ ಹಿಡಿದಿದ್ದ ಕೀಲಿಯ ಕೈ ಇಳಿಯಿತು.

"ಹೋಗ್ಲಿ ಬಿಡು ಚಿಕ್ಕಮ್ಮ," ಎಂದ. "ನಾನ್ ಏನೂ ಕೇಳ್ಲಿಲ್ಲ ಅಂದ್ಕ."

*

ಲಮಾರ್ ತಿಂಗಳಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ. ಜ್ವರ ಅಂದಿದ್ದ, ಹೊಟ್ಟೆ ನೋವು ಅಂದಿದ್ದ. ಅವಳು ಶುಂಠಿ ಕಷಾಯ ಮಾಡಿಕೊಟ್ಟಿದ್ದಳು. ಸ್ಮಶಾನದಿಂದ ಬಂದವಳು ಅಲಸಂದೆ ಕಾಳಿನ ಅನ್ನ ಬಡಿಸಿ, ಎದುರಿಗೆ ಕೂತು, ಅವನ ಕೈಗಳನ್ನು ನೋಡಿದಳು. ದೊಡ್ಡ ಕೈಗಳು, ಅಪ್ಪನ ಹಾಗೆ.

"ಬೀಗ ಇನ್ನೂ ಹಾಕೇ ಐತೆ ಮಗ," ಎಂದಳು.

ಅವನು ಚಮಚ ಕೆಳಗಿಟ್ಟ.

"ಸಾಲು ನಿಂತೋಗಿತ್ತು ಕಣವ್ವ. ಬ್ಲೇಲಾಕು ಕುಣೀತಾ ಬಂದ. ಯಾವ ಸೂಳೆಮಗ ಬೀಗ ಹಾಕಿ ಮರ್ತು ಹೋಗವ್ನೆ, ಕತ್ತರ್ಸು ಅಂದ. ಇದು ಎಜೆಲನ್ ಬೀಗ ಸಾರ್, ತೊಟ್ಟಿ ಒಳಗೆ ನೋಡ್ಬತ್ತೀನಿ ಅಂದೆ. ಅವ್ನು ಊಟಕ್ ಹೋಗಿರೋದ್ ನಾನೇ ನೋಡ್ದೆ, ನೀನೊಬ್ಬ ಹೋಗಿ ನೋಡೋ ಅಷ್ಟ್ರಲ್ಲಿ ಮಾಂಸ ಕೆಡ್ತದೆ, ಕತ್ತರಿಸ್ತೀಯೋ ಗೇಟು ತೋರುಸ್ಲೋ ಅಂದ." ಅವನು ಕೈಗಳನ್ನು ಮೇಜಿನ ಕೆಳಗೆ ಅಡಗಿಸಿಕೊಂಡ. "ಉಕ್ಕು ತುಂಡರ್ಸೋ ದೊಡ್ಡ ಕತ್ತರಿ ತಂದು ಕತ್ತರಿಸ್ದೆ. ಸ್ವಿಚ್ಚು ಅವ್ನೇ ಒತ್ತಿದ್ದು. ಕತ್ತರಿಸ್ದೋನು ನಾನು."

"ಎಜೆಲ್ ಕೂಗಿದ್ನಾ?"

"ಅವ್ವ..."

"ಹೇಳು."

"ನನ್ ಹೆಸ್ರು ಕೂಗ್ದ. ಲಮಾರ್, ನಿಲ್ಸು ಅಂದ. ಆಚೆ ನಾನಿವ್ನಿ ಅಂತ ಗೊತ್ತಿತ್ತು ಅವ್ನಿಗೆ."

ವರ್ಡೀನ್ ಎದ್ದು ಒಲೆಯ ಕಡೆ ಮುಖಮಾಡಿ ನಿಂತಳು. ಒಲೆ ಆರಿತ್ತು. ಸುಮ್ಮನೆ ಅದನ್ನೇ ಒರೆಸಿದಳು.

"ಬೀಗ ಎಸೆದ್ಬಿಡು ಅಂದ ಬ್ಲೇಲಾಕು," ಹಿಂದಿನಿಂದ ಮಗನ ದನಿ. "ಎಸೆಯಕ್ ಕೈ ಬರ್ಲಿಲ್ಲ. ಚೀಲಕ್ ಹಾಕ್ದೆ. ಯಾರಾದ್ರೂ ನೋಡ್ತಾರೆ, ಕೇಳ್ತಾರೆ ಅಂದ್ಕಂಡೆ. ಯಾರೂ ಕೇಳ್ಲಿಲ್ಲ ಕಣವ್ವ. ಎಲ್ರೂ ನೋಡಿ ಸುಮ್ಕೆ ಹೋಗ್ಬುಟ್ರು."

ಅವಳು ತಿರುಗಿ ಬಂದು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಬೆರಳುಗಳು ಬಿಚ್ಚಲಿಲ್ಲ. ಮುಷ್ಟಿಯಿಂದಲೇ ಕೂದಲು ಸವರಿದಳು.

*

ಟ್ವೈಲಾ ಸುಮ್ಮನೆ ಕೂರಲಿಲ್ಲ. ಅಂಗಡಿ, ಕ್ಷೌರದ ಕಟ್ಟೆ, ಕಾರ್ಖಾನೆಯ ಗೇಟು, ಕಂಡಕಂಡಲ್ಲಿ ಬೀಗ ತೋರಿಸಿದಳು. ವಾರ ಕಳೆಯುವುದರೊಳಗೆ ಬ್ಲೇಲಾಕ್ ವರ್ಡೀನಳನ್ನು ತನ್ನ ಕೋಣೆಗೆ ಕರೆಸಿದ. ಅಲ್ಲಿ ಎರಡು ಕುರ್ಚಿ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಪಾದ್ರಿ ಗ್ಯಾಡ್ಸನ್, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು. ವರ್ಡೀನ್ ರಕ್ತದ ಏಪ್ರನ್ನಿನಲ್ಲೇ ನಿಂತಳು.

"ಹೇಗಿದ್ದಾನೆ ನಿನ್ನ ದೆವ್ವ?" ಬ್ಲೇಲಾಕ್ ನಕ್ಕ. "ನೋಡು, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ನಿಮ್ಮ ಜನಕ್ಕೆ ಇದೆ. ಸರ್ಕಾರದವರು ಬಂದು ಹೇಳಿದ್ರೂ ನಂಬಲ್ಲ, ನೀನು ಹೇಳಿದ್ರೆ ನಂಬ್ತಾರೆ. ಬರೋ ಭಾನುವಾರ ನಿಮ್ಮ ಇಗರ್ಜಿಯಲ್ಲಿ ಎಜೆಲ್‌ಗೆ ನೆನಪಿನ ಪ್ರಾರ್ಥನೆ ಇದೆ. ಕಂಪನಿ ಪರವಾಗಿ ನಾನೂ ಬರ್ತೀನಿ. ಎದ್ದು ನಿಂತು ಎರಡು ಮಾತು ಹೇಳು. ಎಜೆಲ್ ಬಂದಿದ್ದ, ನಾನೇ ಬೀಗ ಹಾಕೋದು ಮರೆತೆ ಅಂದ, ಯಾರ ಮೇಲೂ ಸಿಟ್ಟಿಲ್ಲ ಅಂದ. ಆಯ್ತು. ಆ ಹುಡುಗಿಗೂ ಸಮಾಧಾನ."

"ಶಾಂತಿ ದೊಡ್ಡದು ವರ್ಡೀನಮ್ಮ," ಎಂದರು ಪಾದ್ರಿ. ಅವರು ಕೆಟ್ಟವರಲ್ಲ. ಇಗರ್ಜಿಯ ಮಾಡು ಎರಡು ಕಡೆ ಸೋರುತ್ತಿತ್ತು; ಹೊಸ ಮಾಡು ಹಾಕಿಸಿಕೊಡುವುದಾಗಿ ಕಂಪನಿ ಅಂದಿತ್ತು.

"ಪಾದ್ರಿಗಳೆ, ಸತ್ತೋರು ಕಾಣೋದು ಸೈತಾನನ ಕೆಲ್ಸ ಅಂತ ಹೋದ ವರ್ಷ ನನ್ನ ಪ್ರಭುಭೋಜನದ ಪಂಕ್ತಿಯಿಂದ ಎಬ್ಬಿಸುದ್ರಿ. ಈಗ ಕಂಪ್ನಿ ಕಡೆಯಿಂದ ಮಾತಾಡುದ್ರೆ ದೇವರ ಕೆಲ್ಸಾನಾ?"

ಪಾದ್ರಿ ಟೋಪಿಯ ಅಂಚನ್ನು ಸುತ್ತತೊಡಗಿದರು.

"ವರ್ಡೀನ್." ಬ್ಲೇಲಾಕನ ನಗೆ ಹೋಗಿತ್ತು. "ಕತ್ತರಿ ಹಿಡಿದ ಕೈ ಯಾರದ್ದು ಅಂತ ನನಗೂ ಗೊತ್ತು, ನಿನಗೂ ಗೊತ್ತು. ನಾನು ಕತ್ತರಿಸು ಅಂದೆ ಅನ್ನಕ್ಕೆ ಸಾಕ್ಷಿ ಯಾರು? ಮೊದಲೇ ಒಂದು ಸಲ ಜೈಲು ಕಂಡು ಬಂದ ಹುಡುಗ. ನಿಮ್ಮ ಬಣ್ಣದ ಹುಡುಗ. ಒಳಗೆ ಹೋದ್ರೆ ನೀನು ಸತ್ತಾಗ ಹೆಗಲು ಕೊಡಕ್ಕೂ ಬರಲ್ಲ. ಯೋಚನೆ ಮಾಡು. ಈಗ ಹೋಗು, ಸಾಲು ಕಾಯ್ತಿದೆ."

*

ಭಾನುವಾರ ಜಾರ್ಜಿಯಾದ ಬಿಸಿಲು ಬೆಳಿಗ್ಗೆಯೇ ಏರಿತ್ತು. ಹೆಂಗಸರು ಕಾಗದದ ಬೀಸಣಿಗೆ ಬೀಸುತ್ತಿದ್ದರು. ಮುಂದಿನ ಬೆಂಚಿನಲ್ಲಿ ಬ್ಲೇಲಾಕ್, ಕೋಟು ಹಾಕಿಕೊಂಡು, ಒಬ್ಬನೇ. ಅವನ ಪಕ್ಕ ಯಾರೂ ಕೂತಿರಲಿಲ್ಲ. ಆ ಬದಿಯಲ್ಲಿ ಟ್ವೈಲಾ, ಮಡಿಲಲ್ಲಿ ಮಗು, ಬೀಗ ಕರವಸ್ತ್ರದಲ್ಲಿ ಕಟ್ಟಿತ್ತು. ಲಮಾರ್ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಬರಬೇಡ ಎಂದು ವರ್ಡೀನ್ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ.

ಹಾಡು ಮುಗಿಯಿತು. ಪಾದ್ರಿ ಗಂಟಲು ಸರಿಮಾಡಿಕೊಂಡು, ಅಗಲಿದ ನಮ್ಮ ಸಹೋದರನಿಂದ ವರ್ಡೀನಮ್ಮನಿಗೆ ಒಂದು ಮಾತು ಬಂದಿದೆಯಂತೆ, ಎಂದರು. ಬೀಸಣಿಗೆಗಳು ನಿಂತವು.

ವರ್ಡೀನ್ ಎದ್ದಳು. ಸತ್ತವರ ಮಾತು ಹೊರುವ ಈ ಕೆಲಸವನ್ನು ಅರವತ್ತು ದಾಟಿದ ಅವಳು ಎಂದೂ ಕೇಳಿ ಪಡೆದವಳಲ್ಲ. ಎದೆಯೊಳಗೆ ಯಾವ ಕೀರ್ತನೆಯೂ ಬರಲಿಲ್ಲ. ನೆನಪಿಗೆ ಬಂದದ್ದು ಒಂದೇ: ಒಂದೇ ಹಾಸಿಗೆಯಲ್ಲಿ ಎರಡು ಪುಟ್ಟ ತಲೆಗಳು, ಯಾವ ಕಾಲು ಯಾರದ್ದು ಎಂದು ತಿಳಿಯದ ಹಾಗೆ.

"ಎಜೆಲ್ ಬಂದಿದ್ದ," ಎಂದಳು. ಬ್ಲೇಲಾಕ್ ತಲೆಯಾಡಿಸಿದ, ಮಗುವಿಗೆ ಪದ್ಯ ಹೇಳಿಕೊಡುವವನ ಹಾಗೆ. "ಮೊದ್ಲು ನನ್ನತ್ರ ಬಂದಾಗ ನಾನು ಮಾತಾಡ್ಸಲಿಲ್ಲ. ನಂಗ್ಯಾಕಪ್ಪ ಅಂತಿದ್ದೆ. ಅವ್ನು ಬೀಗ ಮರೆತಿರ್ಲಿಲ್ಲ. ಜಡಿದು, ಕೀಲಿ ಜೇಬಿಗೆ ಹಾಕ್ಕಂಡೇ ಇಳಿದ."

ಹಿಂದಿನ ಸಾಲಿನಿಂದ ಯಾರೋ ನರಳಿದರು. ಟ್ವೈಲಾ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು.

"ಮುದುಕಿ," ಎಂದ ಬ್ಲೇಲಾಕ್, ತಗ್ಗಿದ ದನಿಯಲ್ಲಿ.

"ಕತ್ತರಿಸು ಅಂದೋನು ಇಲ್ಲೇ ಕೋಟ್ ಹಾಕ್ಕಂಡು ಕುಂತವ್ನೆ. ಸ್ವಿಚ್ಚು ಒತ್ತಿದ್ದೂ ಅವ್ನೇ."

ಗುಲ್ಲೆದ್ದಿತು. ಬ್ಲೇಲಾಕ್ ಎದ್ದುನಿಂತ. "ಸುಳ್ಳು! ಕತ್ತರಿಸಿದ್ದು ನಾನಲ್ಲ! ಯಾರು ಅಂತ ಹೇಳಲಿ ನೋಡೋಣ! ಹೇಳು! ಯಾರು ಕತ್ತರಿಸಿದ್ದು?"

ಜನ ವರ್ಡೀನಳ ಕಡೆ ತಿರುಗಿದರು. ಟ್ವೈಲಾಳೂ ತಿರುಗಿದಳು, ಕಣ್ಣು ತುಂಬ ನಂಬಿಕೆ ಇಟ್ಟುಕೊಂಡು. ಹಿಂದೆ ಗೋಡೆಯ ಬಳಿ ಲಮಾರ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನು ಬಾಗಿಲ ಕಡೆ ನೋಡಲಿಲ್ಲ. ತಾಯಿಯನ್ನೇ ನೋಡುತ್ತಿದ್ದ.

ಬಾಗಿಲ ಹೊಸ್ತಿಲಲ್ಲಿ ಎಜೆಲ್ ನಿಂತಿದ್ದ. ಮಗು ಒಳಗಿದ್ದುದರಿಂದ ಅಷ್ಟಕ್ಕಿಂತ ಹತ್ತಿರ ಅವನಿಂದ ಬರಲಾಗುತ್ತಿರಲಿಲ್ಲ.

"ಬ್ಯಾಡ ಚಿಕ್ಕಮ್ಮ," ಎಂದ. ಅಷ್ಟು ದೂರದಿಂದಲೂ ಅವನ ದನಿ ಕಿವಿಯ ಪಕ್ಕದಲ್ಲೇ ಇದ್ದಂತಿತ್ತು. "ಅಷ್ಟ್ ಸಾಕು. ಗೊತ್ತಿಲ್ಲ ಅಂದ್ಬುಡು. ನಂದು ಮುಗೀತು. ಅವ್ನ ಹೆಸ್ರು ಒಂದು ಬುಟ್ಬುಡು, ನಿನ್ ಕಾಲ್ ಹಿಡೀತೀನಿ. ಅವ್ನು ಹೋದ್ರೆ ನಿನ್ನ ಯಾರೇ ನೋಡ್ಕತಾರೆ?"

ವರ್ಡೀನ್ ಖಾಲಿ ಹೊಸ್ತಿಲ ಕಡೆಗೆ ಮುಖಮಾಡಿದಳು. ಇಗರ್ಜಿಯ ಎಲ್ಲ ತಲೆಗಳೂ ಅತ್ತ ತಿರುಗಿದವು. ಅಲ್ಲಿ ಬಿಸಿಲು ಬಿಟ್ಟು ಅವರಿಗೇನೂ ಕಾಣಲಿಲ್ಲ.

"ಆಗಲ್ಲ ಕಣ್ ಮಗ," ಎಂದಳು ಗಟ್ಟಿಯಾಗಿ. "ಅವ್ನ ಹೆಸ್ರೂ ಬಿಡಲ್ಲ."